ಗ್ಲಾಸೋ ಕಾರ್ಬನ್ನೋ? ಕಡಲತಡಿಯ ಗಾಳಕ್ಕೆ ಐದು ಸಾವಿರದ ಲೆಕ್ಕ

ಮಲ್ಪೆ, ಗಂಗೊಳ್ಳಿಯಂಥ ಕಡೆ ಬ್ರೇಕ್‌ವಾಟರ್ (ಅಲೆತಡೆ) ಕಲ್ಲಿನ ಮೇಲೆ ನಿಂತು ಗಾಳ ಹಾಕುವವರ ಸಾಮಾನು ಕೆಡಿಸುವುದು ಉಪ್ಪುನೀರು, ಮರಳು, ಕಲ್ಲು. ಮೀನಿನ ಪಾಲು ಕಡಿಮೆ. ಹಾಗಾಗಿ ಕೈಯಲ್ಲಿ 5000 ರೂಪಾಯಿ ಇದ್ದರೆ 3000ಕ್ಕಿಂತ ಹೆಚ್ಚು ಲೈನ್ (ಗಾಳದ ದಾರ) ಸುತ್ತುವ ರೀಲಿಗೆ ಹೋಗಲಿ, ಉಳಿದದ್ದರಲ್ಲಿ ರಾಡ್, ಅಂದರೆ ಗಾಳದ ಕೋಲು. ಅನೇಕರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಒಂದರೊಳಗೊಂದು ಸೇರುವ ಟೆಲಿಸ್ಕೋಪಿಕ್ ರಾಡ್ ಬ್ಯಾಗಿನಲ್ಲಿ ಹಿಡಿಯುತ್ತದೆ, ಅಷ್ಟೇ. ಕೀಲುಗಳಲ್ಲಿ ಮರಳು ಸೇರಿ ಕಚ್ಚಿಕೊಳ್ಳುತ್ತದೆ, ಅಂಟಿನ ಮೇಲೆ ನಿಂತ ಗೈಡ್‌ಗಳು (ಲೈನ್ ಹಾಯುವ ಬಳೆಗಳು) ತಿರುಗುತ್ತವೆ. ಬಿಟ್ಟುಬಿಡಿ.

ನಿಜವಾದ ಪೈಪೋಟಿ ಇರುವುದು ಎರಡು ತುಂಡಿನ, 7ರಿಂದ 8 ಅಡಿಯ ಗ್ಲಾಸ್ (ಫೈಬರ್‌ಗ್ಲಾಸ್) ಮತ್ತು ಕಾರ್ಬನ್ ರಾಡ್‌ಗಳ ನಡುವೆ. ಕಾರ್ಬನ್ ಹಗುರ, ಮೀನು ಸೀಗಡಿಯನ್ನು ಮುಟ್ಟಿದ್ದೂ ಕೈಗೆ ತಿಳಿಯುತ್ತದೆ. ಆದರೆ ಕಲ್ಲಿಗೆ ತಾಗಿ ಸಣ್ಣ ಗೀರು ಬಿದ್ದರೆ ಅದು ಅಂದೇ ಮುರಿಯುವುದಿಲ್ಲ, ಮುಂದಿನ ಸಲ ಬಾಗಿದಾಗ ಗೀರಿನ ಜಾಗದಲ್ಲೇ ಟಕ್ಕೆಂದು ಹೋಗುತ್ತದೆ. ಮೀನು ಮೇಲೆತ್ತುವಾಗ ರಾಡ್ ನೆಟ್ಟಗೆ ನಿಲ್ಲಿಸಿದರೂ ಅದೇ ಗತಿ: ಭಾರವೆಲ್ಲ ತುದಿಯ ಒಂದೂವರೆ ಅಡಿಗೇ ಬೀಳುತ್ತದೆ. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆಂಬುದೂ ನೆನಪಿರಲಿ. ಗುಡುಗು ಶುರುವಾದರೆ ಮಡಚಿಡಿ, ಕರೆಂಟ್ ತಂತಿಯ ಕೆಳಗೆ ಬೀಸಲೇಬೇಡಿ.

ಗ್ಲಾಸ್ ರಾಡ್ ಭಾರ, ಬೀಸಿದರೆ ದೂರವೂ ಸ್ವಲ್ಪ ಕಡಿಮೆ. ಆದರೆ 40 ಗ್ರಾಂ ಸೀಸದ ಗುಂಡು, ಬೂತಾಯಿ ತುಂಡು ಹಾಕಿ ಕೆಂಬೇರಿ ಮೀನಿಗೆ ಕಾಯುವ ಕೆಲಸಕ್ಕೆ ಇದೇ ತಾಳುತ್ತದೆ. ಎರಡನ್ನೂ ಬೆರೆಸಿದ್ದೂ ಇದೆ: ಅಗ್ಲಿ ಸ್ಟಿಕ್ ಜಿಎಕ್ಸ್2 ಎಂಬ ರಾಡ್ ಗ್ಲಾಸ್ ಮತ್ತು ಗ್ರಾಫೈಟ್ (ಅಂದರೆ ಕಾರ್ಬನ್) ಮಿಶ್ರಣ, ತುದಿ ಗಟ್ಟಿ ಗ್ಲಾಸ್. ಅದರ ಗೈಡ್ ಒಂದೇ ತುಂಡು ಸ್ಟೀಲಿನದು, ಕಳಚಿ ಬೀಳಲು ಒಳಗೆ ರಿಂಗೇ ಇಲ್ಲ. ಯಾವುದೇ ರಾಡ್ ಕೊಳ್ಳುವಾಗ ಗೈಡ್‌ಗಳ ಒಳಗೆ ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಆ ರಿಂಗ್ ಲೈನನ್ನು ಹರಿಯುತ್ತದೆ.

ರೀಲಿಗೆ ಬಂದರೆ 4000 ಸೈಜ್ ಸಾಕು, 0.35 ಮಿ.ಮೀ. ನೈಲಾನ್ ಲೈನ್ ಸುಮಾರು 130 ಮೀಟರ್ ಹಿಡಿಯುತ್ತದೆ. ಡಬ್ಬಿಯ ಮೇಲಿನ ‘12 ಬೇರಿಂಗ್’ ನೋಡಿ ಮರುಳಾಗಬೇಡಿ. ಸೀಲ್ ಇಲ್ಲದ ಹನ್ನೆರಡು ಬೇರಿಂಗ್ ಎಂದರೆ ತುಕ್ಕು ಹಿಡಿಯಲು ಹನ್ನೆರಡು ಜಾಗ. ಸೀಲ್ ಇರುವ ನಾಲ್ಕು ಮೇಲು. ಗ್ರಾಫೈಟ್ ಬೆರೆಸಿದ ಪ್ಲಾಸ್ಟಿಕ್ ಬಾಡಿಗೆ ತುಕ್ಕಿಲ್ಲ, ಆದರೆ ಜೋರು ಎಳೆತಕ್ಕೆ ಬಾಗಿ ಗೇರ್ ಕರಕರ ಎನ್ನುತ್ತದೆ. ಲೋಹದ ಬಾಡಿ ಬಾಗುವುದಿಲ್ಲ, ಬಣ್ಣ ಕಿತ್ತಲ್ಲಿ ಉಪ್ಪು ತಿನ್ನುತ್ತದೆ. ಪೆನ್ ಕಂಪನಿಯಲ್ಲೇ ಎರಡೂ ಸಿಗುತ್ತವೆ: ಪರ್ಸ್ಯೂಟ್ 4 ಗ್ರಾಫೈಟ್, ಬ್ಯಾಟಲ್ 3 ಲೋಹ, ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ಲೈನನ್ನು ಹದವಾಗಿ ಬಿಡುವ ಬ್ರೇಕ್) ವಾಷರ್ ಎರಡರಲ್ಲೂ ಕಾರ್ಬನ್ನಿನದು. ನಮ್ಮ ಬಜೆಟ್ಟಿಗೆ ಗ್ರಾಫೈಟ್ ಬಾಡಿ, ಕಾರ್ಬನ್ ವಾಷರ್ ಇರುವ ರೀಲ್ ಸರಿ. ಫೆಲ್ಟ್ ವಾಷರ್ ಒಣಗಿದರೆ ಲೈನ್ ಝಟಕಾ ಹೊಡೆದು ಬಿಡುತ್ತದೆ, ಅಲ್ಲೇ ಹರಿಯುತ್ತದೆ. ಹ್ಯಾಂಡಲ್ ನೇರವಾಗಿ ಗೇರಿಗೆ ತಿರುಪಿ ಕೂರುವಂಥದಿರಲಿ. ಆಚೆಯಿಂದ ಸ್ಕ್ರೂ ಬಿಗಿಯುವ ಹ್ಯಾಂಡಲ್ ಬೇಗ ಅಲ್ಲಾಡುತ್ತದೆ.

ಬ್ರೇಡ್ (ಹೆಣೆದ) ಲೈನ್ ಸುತ್ತುವುದಾದರೆ ಮೊದಲು ಹತ್ತು ಹದಿನೈದು ಸುತ್ತು ನೈಲಾನ್ ಹಾಕಿ. ಇಲ್ಲದಿದ್ದರೆ ಪೂರಾ ಲೈನ್ ಸ್ಪೂಲಿನ (ಲೈನ್ ಸುತ್ತುವ ಉರುಳೆಯ) ಮೇಲೆ ಜಾರಿ ತಿರುಗುತ್ತದೆ. ಆಗ ಡ್ರ್ಯಾಗ್ ಕೆಟ್ಟಿದೆ ಎಂದು ರೀಲ್ ಬಿಚ್ಚಿ ಕೂರುವವರು ಕಡಿಮೆಯಿಲ್ಲ. ಲೈನಿನ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದು ಡ್ರ್ಯಾಗ್ ನೋಡಿ: 8 ಕಿಲೋ ತಾಳುವ ಲೈನಿಗೆ ಎರಡರಿಂದ ಎರಡೂವರೆ ಕಿಲೋಗೆ ಬಿಡಬೇಕು.

ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿ ಮಾಡಿ, ಸಣ್ಣಗೆ ಬಿಟ್ಟ ನಲ್ಲಿ ನೀರಿನಲ್ಲಿ ತೊಳೆಯಿರಿ. ಪೈಪಿನಿಂದ ರಭಸವಾಗಿ ಹೊಡೆದರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿ, ಲೈನ್ ರೋಲರಿಗೆ (ರೀಲಿನಲ್ಲಿ ಲೈನ್ ಹಾಯುವ ಪುಟ್ಟ ಚಕ್ರಕ್ಕೆ) ಒಂದು ಹನಿ ಎಣ್ಣೆ ಬಿಡಿ. ರೋಲರ್ ತಿರುಗದೆ ನಿಂತರೆ ಅದರ ಮೇಲೆ ಗೀರು ಬಿದ್ದು ಹೊಸ ಲೈನೂ ಹರಿಯುತ್ತದೆ. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಚ್‌ಗೆ ಮಾತ್ರ ಗ್ರೀಸ್ ಮುಟ್ಟಿಸಬೇಡಿ. ಒಳಗಿನ ರೋಲರ್‌ಗಳು ಜಾರಿ, ಮೀನು ಎಳೆದಾಗ ಹ್ಯಾಂಡಲ್ ಹಿಂದಕ್ಕೆ ಗಿರಗಿರ ತಿರುಗಿ ಬೆರಳಿಗೆ ಬಡಿಯುತ್ತದೆ.