ಲಂಕಾಗೆ ಫೆರಿನಾ ಫ್ಲೈಟಾ?

ಭಾವ, ಜೀಪನ್ನೇ ಫೆರಿಗೆ (ಸಮುದ್ರ ದಾಟಿಸೋ ಹಡಗು) ಹತ್ತಿಸ್ಕೊಂಡು ಶ್ರೀಲಂಕಾಗೆ ಹೋಗೋಣ ಅಂದ್ರಲ್ಲ, ಅದಾಗಲ್ಲ. ತಮಿಳುನಾಡಿನ ನಾಗಪಟ್ಟಣಂನಿಂದ ಶ್ರೀಲಂಕಾದ ಕಂಕೇಸಂತುರೈಗೆ 2023ರ ಅಕ್ಟೋಬರಲ್ಲಿ ಶುರುವಾದ ಫೆರಿ ಜನಕ್ಕೆ ಮಾತ್ರ, ಕಾರಿಗೆ ಜಾಗ ಇಲ್ಲ. ಸೋ ನಾವು ನೋಡ್ಬೇಕಾದ್ದು ಎರಡು ದಾರಿ, ಒಂದು ಈ ಫೆರಿ, ಇಲ್ಲಾಂದ್ರೆ ಬೆಂಗಳೂರಿಂದ ಕೊಲಂಬೋ ಫ್ಲೈಟ್.

ಟೈಮ್ ನೋಡಿದ್ರೆ ಫೆರಿಲಿ ಸಮುದ್ರ ದಾಟೋಕೆ ಸುಮಾರು 4 ಗಂಟೆ, ಆದ್ರೆ ಮಡಿಕೇರಿಯಿಂದ ಮೈಸೂರು, ಕೊಯಮತ್ತೂರು, ತಿರುಚ್ಚಿ, ತಂಜಾವೂರು ಅಂತ ನಾಗಪಟ್ಟಣಂ ಮುಟ್ಟೋಕೇ ಒಂದು ದಿನ ಬೇಕು, ಆಮೇಲೆ ಜೀಪ್ ಎಲ್ಲಿ ಬಿಡೋದು ಅನ್ನೋ ತಲೆನೋವು ಬೇರೆ. ಫ್ಲೈಟ್ ಒಂದೂವರೆ ಗಂಟೆ ಚಿಲ್ಲರೆ ಅಷ್ಟೆ, ದೇವನಹಳ್ಳಿ ತನಕದ ಟ್ರಾಫಿಕ್ ನಿಮಗೆ ಗೊತ್ತೇ ಇದೆ.

ನನ್ನ ಪ್ರಕಾರ ಎಲ್ಲಿ ಇಳೀತೀರಿ ಅನ್ನೋದೇ ಮುಖ್ಯ. ಫೆರಿ ಇಳಿಸೋದು ಶ್ರೀಲಂಕಾದ ಉತ್ತರ ತುದೀಲಿರೋ ಜಾಫ್ನಾ ಪಕ್ಕ, ನಲ್ಲೂರು ದೇವಸ್ಥಾನ ನೋಡೋರಿಗೆ ಅದೇ ಸರಿ. ಅಕ್ಕಂಗೆ ಕ್ಯಾಂಡಿ, ನುವಾರ ಎಲಿಯ ಟೀ ತೋಟ ನೋಡ್ಬೇಕು ಅಂದ್ರೆ ಅವು ಕೊಲಂಬೋಗೇ ಹತ್ತಿರ, ಫ್ಲೈಟೇ ವಾಸಿ (ಇಲ್ಲಿ ಕಾಫಿ ತೋಟ ನೋಡಿ ಸಾಕಾಗಿಲ್ವಾ ಅಂತ ನಾನಂತೂ ಕೇಳಲ್ಲ).

ಹಿಂಗಾರಲ್ಲಿ ಸಮುದ್ರ ಎದ್ರೆ ಫೆರಿ ನಿಲ್ಲಿಸ್ತಾರೆ, ಡಿಸೆಂಬರ್ ನಂಬ್ಕೋಬೇಡಿ, ಹೇಗೂ ಆಗ ನಮಗೂ ಕಾಫಿ ಕುಯ್ಲು. ಕಣದಲ್ಲಿ ಹಣ್ಣು ಒಣಗಿಸಿ ಮುಗಿದ್ಮೇಲೆ ಹೊರಡಿ. ಸ್ಟೇರಿಂಗ್ ಹಿಡೀಲೇಬೇಕು ಅಂದ್ರೆ ಅಲ್ಲೇ ಬಾಡಿಗೆ ಕಾರ್ ತಗೊಳ್ಳಿ, ಅಲ್ಲೂ ಎಡಗಡೆನೇ ಓಡ್ಸೋದು, ಇಂಟರ್‌ನ್ಯಾಷನಲ್ ಪರ್ಮಿಟ್ ಮಾತ್ರ ಇಲ್ಲೇ ಮಾಡಿಸ್ಕೊಂಡು ಹೋಗಿ.