ಒಂದೇ ಕುರ್ಚಿ, 82 ಮಂದಿ

31 ವರ್ಷ ಫೋಟೊ ಸ್ಟುಡಿಯೋ ನಡೆಸಿದವನು ನಾನು. ಒಂದು ಸ್ಟೂಲು, ಹಿಂದೊಂದು ನೀಲಿ ಪರದೆ. ಅಲ್ಲಿ ಎಷ್ಟು ಜನ ಕುಳಿತು ಎದ್ದು ಹೋದರೋ ಲೆಕ್ಕ ಇಟ್ಟಿಲ್ಲ. ಹಾಗಾಗಿ ಲಂಡನ್ನಿನಲ್ಲಿರುವ ಮಗಳು ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆಗೆ ಕರೆದುಕೊಂಡು ಹೋಗಿ, ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ ಅವರ ‘82 ಪೋರ್ಟ್ರೇಟ್ಸ್ ಅಂಡ್ 1 ಸ್ಟಿಲ್ ಲೈಫ್’ (82 ಭಾವಚಿತ್ರ, ಒಂದು ವಸ್ತುಚಿತ್ರ) ಪ್ರದರ್ಶನದ ಮುಂದೆ ನಿಲ್ಲಿಸಿದಾಗ ನನ್ನ ಕಸುಬಿನವರೇ ಒಬ್ಬರ ಮನೆಗೆ ಬಂದಂತೆನಿಸಿತು.

ಗೋಡೆಗಳೆಲ್ಲ ಕಡುಗೆಂಪು. ಚಿತ್ರಗಳು 4 ಅಡಿ ಎತ್ತರ, 3 ಅಡಿ ಅಗಲ. ಬರೆದ ದಿನಾಂಕದ ಕ್ರಮದಲ್ಲಿ ಒಂದೇ ಸಾಲಿಗೆ ತೂಗುಹಾಕಿದ್ದರು. ಎಲ್ಲದರಲ್ಲೂ ಅದೇ ಕುರ್ಚಿ, ಹಿಂದೆ ಬರೀ ನೀಲಿ ಹಸಿರು. ಅಲಂಕಾರ ಇಷ್ಟು ಕಡಿಮೆಯಾದಾಗ ಕುಳಿತವರಿಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಉಳಿಯುವುದಿಲ್ಲ.

ಸಾಲಿನ ಮೊದಲ ಚಿತ್ರದ ಮುಂದೆಯೇ ನಾನು ಬಹಳ ಹೊತ್ತು ನಿಂತುಬಿಟ್ಟೆ. 2013ರ ಜುಲೈಯಲ್ಲಿ ಬರೆದದ್ದು. ಹಾಕ್ನಿ ಅವರ ಸಹಾಯಕ ಜೆ.ಪಿ. ಮುಂದಕ್ಕೆ ಬಾಗಿ, ಎರಡೂ ಅಂಗೈಗಳಲ್ಲಿ ಮುಖ ಹುದುಗಿಸಿ ಕುಳಿತಿದ್ದಾರೆ. ಆ ವರ್ಷದ ಮಾರ್ಚ್‌ನಲ್ಲಿ ಅವರ ಬಳಗದ ಇನ್ನೊಬ್ಬ ಯುವ ಸಹಾಯಕ ತೀರಿಕೊಂಡಿದ್ದ. ಹಾಕ್ನಿ ಇಂಗ್ಲೆಂಡ್ ಬಿಟ್ಟು ಲಾಸ್ ಏಂಜಲೀಸ್‌ಗೆ ಮರಳಿ, ತಿಂಗಳುಗಟ್ಟಲೆ ಕುಂಚ ಮುಟ್ಟಿರಲಿಲ್ಲ. ಮುಖವೇ ಕಾಣದ ಭಾವಚಿತ್ರ! ನನ್ನ ಸ್ಟುಡಿಯೋದಲ್ಲಿ ಯಾರಾದರೂ ಹೀಗೆ ಕುಳಿತಿದ್ದರೆ “ಸ್ವಲ್ಪ ಗಲ್ಲ ಮೇಲೆತ್ತಿ” ಎಂದುಬಿಡುತ್ತಿದ್ದೆ. ಹಾಗೆ ಎಷ್ಟು ಜನರ ನಿಜವಾದ ಭಂಗಿಯನ್ನು ಕೆಡಿಸಿದೆನೋ ಎಂದು ಅಲ್ಲಿ ನಿಂತು ಸಂಕಟಪಟ್ಟೆ.

ಒಬ್ಬೊಬ್ಬರಿಗೂ ಎರಡು ಮೂರು ದಿನ. ಹಾಕ್ನಿ ಇದನ್ನು 20 ಗಂಟೆಗಳ ಎಕ್ಸ್‌ಪೋಷರ್ (ಕ್ಯಾಮೆರಾದ ಕಣ್ಣು ತೆರೆದಿರುವ ಹೊತ್ತು) ಎಂದು ಕರೆಯುತ್ತಾರೆ. ಈ ಮಾತು ನನಗೆ ತಟ್ಟಿತು. ಸೆಕೆಂಡಿನ ನೂರರಲ್ಲೊಂದು ಭಾಗ ನಗುವನ್ನು ಹಿಡಿಸಿಕೊಂಡವರು ಮುಂದಿನ ಕ್ಷಣ ಎದ್ದು ಹೋಗುತ್ತಾರೆ. 20 ಗಂಟೆ ಕುಳಿತವರ ಮುಖದಲ್ಲಿ ಆ ನಗು ಉಳಿಯುವುದಿಲ್ಲ. ಬೇಸರ, ಆಯಾಸ, ನೋಡಿಸಿಕೊಳ್ಳುವ ಮುಜುಗರ ಕರಗಿ, ಕೊನೆಗೆ ಮೈ ತನ್ನ ರೂಢಿಯಂತೆ ಕುಳಿತುಬಿಡುತ್ತದೆ. ಒಬ್ಬರು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದರೆ ಇನ್ನೊಬ್ಬರು ತಮ್ಮದೇ ಮನೆಯೆಂಬಂತೆ ಒರಗಿದ್ದಾರೆ.

ಅದಕ್ಕಿಂತ ಹೆಚ್ಚು ನನ್ನನ್ನು ಸೆಳೆದದ್ದು ಪಾದರಕ್ಷೆಗಳು. ನಮ್ಮ ಪಾಸ್‌ಪೋರ್ಟ್ ಫೋಟೊಗಳಲ್ಲಿ ಕಾಲಿಗೆ ಸ್ಥಾನವೇ ಇಲ್ಲ. ಇಲ್ಲಿ ಪ್ರತಿಯೊಂದು ಬೂಟನ್ನೂ, ಪಾದ ಒಳಕ್ಕೆ ತಿರುಗಿದೆಯೋ ಹೊರಕ್ಕೋ ಎಂಬುದನ್ನೂ ಮುಖಕ್ಕೆ ಕೊಟ್ಟಷ್ಟೇ ಗಮನ ಕೊಟ್ಟು ಬರೆದಿದ್ದಾರೆ. ಮುಖ ಗಂಭೀರವಾಗಿದ್ದು ಕಾಲು ಮಾತ್ರ ಚಡಪಡಿಸುತ್ತಿರುವವರು ಎಷ್ಟೊಂದು ಜನ!

ಕೊರತೆ ಇಲ್ಲವೆಂದಲ್ಲ. ಅರ್ಧ ದಾಟುವ ಹೊತ್ತಿಗೆ ಆ ಹೊಳಪು ಬಣ್ಣಗಳಿಂದ ಕಣ್ಣು ದಣಿಯುತ್ತದೆ. ಕೆಲವು ಕೈಬೆರಳುಗಳು ಅವಸರದಲ್ಲಿ ಮೂಡಿವೆ. ನಾಲ್ಕೈದು ಮುಖಗಳಿಗೆ ಇನ್ನೊಂದು ದಿನ ಬೇಕಿತ್ತು. ಆದರೂ 76ನೆಯ ವಯಸ್ಸಿಗೆ ಆರಂಭಿಸಿ ಇಷ್ಟು ಜನರನ್ನು ಎದುರು ಕೂರಿಸಿಕೊಂಡು ನೋಡಿದ ಆ ಕಣ್ಣಿಗೆ ನಾನು ಕೈಮುಗಿಯುತ್ತೇನೆ.

ಇನ್ನು ಆ ಒಂದು ಸ್ಟಿಲ್ ಲೈಫ್: ಬರಬೇಕಿದ್ದವರು ಬರಲಾಗದ ದಿನ ಹಾಕ್ನಿ ಸುಮ್ಮನೆ ಕೂರದೆ, ಬೆಂಚಿನ ಮೇಲೆ ಹಣ್ಣುಗಳನ್ನಿಟ್ಟು ಬರೆದರಂತೆ. ಅವೂ ಸರದಿಗೆ ಕಾದು ಕುಳಿತವರ ಹಾಗೆಯೇ ಕಾಣುತ್ತವೆ.

ಪ್ರದರ್ಶನ 2016ರ ಅಕ್ಟೋಬರ್ 2ರವರೆಗೆ ಇತ್ತು. ಈ ಚಿತ್ರಗಳು ಎಲ್ಲಾದರೂ ನೋಡಲು ಸಿಕ್ಕರೆ ಮೊದಲ ಸುತ್ತು ಮುಖಗಳನ್ನು ನೋಡಿ, ಎರಡನೆಯ ಸುತ್ತಿನಲ್ಲಿ ಪಾದಗಳನ್ನಷ್ಟೇ ನೋಡಿಕೊಂಡು ಬನ್ನಿ.