ರೆಸ್ಯೂಮ್ ಕೊಡೋ ಮುಂಚೆ ಕೇಳ್ರಿ, ಅದು ಯಾರ ಕೈಗೆ ಹೋಗುತ್ತೆ ಅಂತ

ಹುಬ್ಬಳ್ಳಿಯಲ್ಲಿ ಕನ್ಸಲ್ಟೆನ್ಸಿ ಮೂಲಕ ಕೆಲಸ ಹುಡುಕುತ್ತಿರುವವರು ಓದಿ. ಅದರಲ್ಲೂ ಇರುವ ಕೆಲಸ ಬಿಡದೆ, ಒಳಗೊಳಗೇ ಹುಡುಕುವವರು. ಮೂರು ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಗೋಕುಲ ರೋಡಿನ ಸ್ಪೇರ್ ಪಾರ್ಟ್ಸ್ ಡೀಲರ್ ಒಬ್ಬರ ಹತ್ತಿರ ಆರು ವರ್ಷದಿಂದ ಅಕೌಂಟ್ಸ್ ನೋಡುತ್ತೇನೆ. ಟ್ಯಾಲಿ, ಜಿಎಸ್‌ಟಿ, ಬ್ಯಾಂಕು ಎಲ್ಲ ನನ್ನ ತಲೆ ಮೇಲೆ. ಸಂಬಳ ಮಾತ್ರ ಎರಡು ವರ್ಷದಿಂದ ನಿಂತಲ್ಲೇ ನಿಂತಿದೆ. ಅದಕ್ಕೇ ಕನ್ಸಲ್ಟೆನ್ಸಿಗೆ ಹೋಗಿ, ರಿಜಿಸ್ಟ್ರೇಷನ್ ಅಂತ 1,500 ರೂಪಾಯಿ ಕೊಟ್ಟೆ. ಮೂರು ಸಲ ಹೇಳಿದೆ, ‘ಮೇಡಂ, ನಮ್ಮ ಸಾವಕಾರ್ರಿಗೆ ಗೊತ್ತಾಗಬಾರದು.’ ‘ಅದನ್ನ ನಮಗ ಬಿಡ್ರಿ ಸರ್’ ಅಂದರು. ಫಾರ್ಮಿನಲ್ಲಿ ‘ಕೆಲಸ ಬಿಡಲು ಕಾರಣ’ ಅಂತ ಒಂದು ಕಾಲಂ. ನಾನೊಬ್ಬ ಪೆದ್ದ, ಇದ್ದದ್ದು ಇದ್ದಂಗೆ ಬರೆದೆ: ಕೆಲಸ ಜಾಸ್ತಿ, ಸಂಬಳ ಕಡಿಮೆ, ಮಾಲೀಕರ ಮಗನ ಕಿರಿಕಿರಿ.

ಹನ್ನೊಂದನೇ ತಾರೀಖು, ಜಿಎಸ್‌ಟಿಆರ್-1, ಅಂದರೆ ತಿಂಗಳ ಮಾರಾಟದ ಜಿಎಸ್‌ಟಿ ಲೆಕ್ಕ, ಹಾಕುವ ಕೊನೇ ದಿನ. ತಲೆ ಎತ್ತಲು ಪುರಸೊತ್ತಿಲ್ಲ. ಸಾವಕಾರ್ರು ಒಳಗೆ ಕರೆದರು. ಮೇಜಿನ ಮೇಲೆ ಪ್ರಿಂಟ್ ಹಾಕಿದ ಹಾಳೆ, ಅದರಲ್ಲಿ ನನ್ನದೇ ಫೋಟೊ. ‘ಮಗನ ಕಿರಿಕಿರಿ’ ಅನ್ನುವ ಕಡೆ ಕೆಂಪು ಪೆನ್ನಿನ ಗೆರೆ. ಗೆರೆ ಎಳೆದವನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ.

‘ನಿನಗ ಕೆಲಸ ಜಾಸ್ತಿ ಆಗೇತಿ, ಕೈಕೆಳಗ ಒಬ್ಬ ಹುಡುಗ ಬೇಕಂತ ಕೇಳಿದ್ವಿ’ ಅಂದರು ಸಾವಕಾರ್ರು. ‘ಅವರು ನಿನ್ನನ್ನೇ ಕಳಿಸ್ಯಾರ ನೋಡಪಾ.’

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದು ಕನ್ಸಲ್ಟೆನ್ಸಿ ಮೇಡಂಗೆ ಫೋನ್ ಮಾಡಿದೆ. ಮೊದಲು, ‘ಸಿಸ್ಟಂ ತಾನೇ ಕಳಿಸತೈತಿ ಸರ್.’ ಸಿಸ್ಟಂ! ಮೂರು ಸಲ ಹೇಳಿದ್ದು ಸಿಸ್ಟಂಗಾ, ನಿಮಗಾ? ಆಮೇಲೆ, ‘ಅವರು ನಮ್ಮ ಕ್ಲೈಂಟ್ ಅಂತ ನೀವು ಮೊದಲೇ ಹೇಳಬೇಕಿತ್ತು.’ ನಿಮ್ಮ ಕ್ಲೈಂಟ್ ಯಾರು ಅಂತ ನನಗೆ ಕನಸು ಬೀಳುತ್ತಾ? ದುಡ್ಡು ಕೇಳಿದರೆ, ‘ವಾಪಸ್ ಬರಂಗಿಲ್ರಿ, ರಸೀದಿ ಹಿಂದ ಬರದೈತಿ ನೋಡ್ರಿ.’ ನೋಡಿದೆ. ಬರೆದಿದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಕೊನೆಗೆ ಆ ಮಹಾತಾಯಿ ಏನಂದಳು ಗೊತ್ತಾ? ‘ಈಗ ಹೆಂಗೂ ಗೊತ್ತಾಗೇತಲ್ರಿ ಸರ್, ಇನ್ನ ಓಪನ್ ಆಗೇ ಹುಡುಕೋಣ.’

ಎಲ್ಲಿಗೆ ಕಳಿಸುತ್ತೀರಿ ಅಂತ ಪ್ರತಿ ಸಲ ಕೇಳಿ. ನನ್ನನ್ನು ಕೇಳದೆ ಕಳಿಸಬೇಡಿ ಅಂತ ವಾಟ್ಸಾಪ್‌ನಲ್ಲಿ ಬರೆದು ಹಾಕಿ, ಬಾಯಿ ಮಾತು ನಂಬಬೇಡಿ. ನೌಕ್ರಿಯಂಥ ಆ್ಯಪ್‌ನಲ್ಲಾದರೆ ಈಗಿನ ಕಂಪನಿಯನ್ನು ಬ್ಲಾಕ್ ಮಾಡಬಹುದು. ನನಗೆ ಇದು ತಡವಾಗಿ ಗೊತ್ತಾಯಿತು. ಕಾರಣದ ಕಾಲಂ ಮಾತ್ರ ದಯವಿಟ್ಟು ಖಾಲಿ ಬಿಡಿ.

ಕೆಲಸ ಹೋಗಿಲ್ಲ, ಅದೇ ಕುರ್ಚಿಯಲ್ಲೇ ಇದ್ದೇನೆ. ಮಗ ದಿನಾ ಬೆಳಿಗ್ಗೆ ಬಂದು ಕೇಳುತ್ತಾನೆ, ‘ಏನ್ರೀ ಅಣ್ಣಾರ, ಇವತ್ತ ಕಿರಿಕಿರಿ ಏನಿಲ್ಲಲ್ಲ?’